ಯಾರ ಸಹಿಯಿಂದ ಫ್ಯಾಸಿಸಂ ಬರುತ್ತದೆ?

ವಿಜಯಪುರದ ಕಡೆ ಹಿಂಗಾರಿ ಜೋಳ ಕಿತ್ತ ಮೇಲೆ ದಂಟನ್ನು ತೋಳಿಗೆ ಹಿಡಿಸುವಷ್ಟು ಕೂಡಿಸುತ್ತಾರೆ. ಅದರಲ್ಲೇ ಒಂದೆರಡು ದಂಟನ್ನು ಹುರಿಯಂತೆ ತಿರುವಿ ಬಿಗಿದು ಕಟ್ಟುತ್ತಾರೆ. ಅದು ಸಿವುಡು. ಬಿಡಿ ದಂಟನ್ನು ಸಣ್ಣ ಹುಡುಗನೂ ಮುರಿದಾನು. ಸಿವುಡನ್ನು ಮೊಣಕಾಲಿಗೆ ಕೊಟ್ಟು ಒತ್ತಿದರೂ ಮುರಿಯಲಾಗದು. ಇಟಲಿಯ ಮಾತಿನಲ್ಲಿ ಇಂಥ ಕಟ್ಟನ್ನು ‘ಫಾಶೊ’ ಎನ್ನುತ್ತಾರೆ. ಫ್ಯಾಸಿಸಂ ಎಂಬ ಹೆಸರು ಹುಟ್ಟಿದ್ದು ಇಲ್ಲಿಂದ.

ಮೊದಲಿಗೆ ಅದು ಕೆಟ್ಟ ಹೆಸರೇನೂ ಆಗಿರಲಿಲ್ಲ. 1890ರ ದಶಕದ ಆರಂಭದಲ್ಲಿ ಸಿಸಿಲಿ ದ್ವೀಪದ ರೈತರು, ಗಣಿಯಲ್ಲಿ ದುಡಿಯುವವರು ತಮ್ಮ ಸಂಘಗಳಿಗೆ ಇದೇ ಹೆಸರಿಟ್ಟುಕೊಂಡಿದ್ದರು. ಅದಕ್ಕೂ ಬಹಳ ಹಿಂದೆ, ಪ್ರಾಚೀನ ರೋಮಿನಲ್ಲಿ ಅಧಿಕಾರಿಯ ಮುಂದೆ ನಡೆಯುವ ಸೇವಕರು ಬೆತ್ತಗಳ ಕಟ್ಟೊಂದನ್ನು ಹೆಗಲ ಮೇಲೆ ಹೊತ್ತು ಸಾಗುತ್ತಿದ್ದರು. ಕಟ್ಟಿನ ನಡುವೆ ಒಂದು ಕೊಡಲಿ. ಬೆತ್ತ ಹೊಡೆಯಲಿಕ್ಕೆ, ಕೊಡಲಿ ತಲೆ ಕಡಿಯಲಿಕ್ಕೆ. 1919ರ ಮಾರ್ಚ್ 23ರಂದು ಮಿಲಾನ್ ನಗರದಲ್ಲಿ ಬೆನಿಟೊ ಮುಸೊಲಿನಿ ತನ್ನ ಸಂಘಟನೆ ಕಟ್ಟಿದಾಗ ಹೆಸರು ದುಡಿಯುವವರ ಸಂಘದಂತೆಯೇ ಇತ್ತು. ಕೊಡಲಿ ಕಾಣಿಸಿದ್ದು ಆಮೇಲೆ.

ಸಂಜೆ ಹೊತ್ತು ನಾನು ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇತಿಹಾಸ ಮತ್ತು ಸಂವಿಧಾನ ಹೇಳಿಕೊಡುತ್ತೇನೆ. ಪಿಡಿಒ ಆಗಬೇಕೆನ್ನುವವರು, ಪಿಎಸ್‌ಐ ಆಗಬೇಕೆನ್ನುವವರು, ಕೆಎಎಸ್ ಕನಸು ಹೊತ್ತವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ನದಿ ದಾಟಿ ಜಮಖಂಡಿ, ಮುಧೋಳದಿಂದಲೂ ಬರುತ್ತಾರೆ. ಮೊನ್ನೆ ಒಬ್ಬ ಹುಡುಗ ಕೇಳಿದ: “ಸರ್, ಫ್ಯಾಸಿಸಂ ಎರಡನೇ ಮಹಾಯುದ್ಧದಾಗ ಮುಗದ್ಹೋತಲ್ರಿ? ಈಗ ಕೋರ್ಟ್ ಅದಾವು, ಚುನಾವಣೆ ಅದಾವು, ಎಲ್ಲಾರ ಕೈಯಾಗ ಫೋನ್ ಅದಾವು. ಈಗ ಹೆಂಗ ಬರತೈತ್ರಿ?” ಅವನ ಗೈಡಿನಲ್ಲಿ ಇದಕ್ಕೆ ಮೂರು ಸಾಲಿನ ಉತ್ತರವಿತ್ತು. ಅದು ಸಾಲದು ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಅವತ್ತು ಹೇಳಿದ್ದನ್ನೂ ಹೇಳಲು ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಈಗ ಈ ಪದವನ್ನು ಬೈಗುಳದಂತೆ ಬಳಸುತ್ತೇವೆ. ನಮಗಾಗದ ಪಕ್ಷ, ಕಟುವಾದ ಅಧಿಕಾರಿ, ಮಾತು ಕೇಳದ ಅಪ್ಪ, ಎಲ್ಲರಿಗೂ ಅದೇ ಹೆಸರು. ಹೀಗಾದರೆ ನಿಜವಾದದ್ದು ಎದುರಿಗೆ ಬಂದು ನಿಂತಾಗ ಕರೆಯಲು ನಮ್ಮ ಬಳಿ ಮಾತೇ ಉಳಿಯುವುದಿಲ್ಲ. ಅದಕ್ಕೇ ಅರ್ಥವನ್ನು ಬಿಗಿಯಾಗಿ ಹಿಡಿಯಬೇಕು. ದೇಶಕ್ಕೆ ಅವಮಾನವಾಗಿದೆ, ಅದಕ್ಕೆ ಕಾರಣ ನಮ್ಮೊಳಗೇ ಇರುವ ಶತ್ರುಗಳು, ಅವರನ್ನು ಬಲ ಹಾಕಿ ತೊಡೆದುಹಾಕಿದರೆ ಮಾತ್ರ ನಾಡಿಗೆ ಮರುಹುಟ್ಟು, ಆ ಕೆಲಸ ಮಾಡಬಲ್ಲವನು ಒಬ್ಬನೇ ನಾಯಕ, ಅವನಿಗೆ ಕಾನೂನಿನ ಕಟ್ಟು ಬೇಡ. ಈ ನಂಬಿಕೆಯ ಮೇಲೆ ಜನಸಾಮಾನ್ಯರನ್ನು ಬೀದಿಗಿಳಿಸುವ ಚಳವಳಿ ಫ್ಯಾಸಿಸಂ. ಇದರಲ್ಲಿ ಒಂದನ್ನೇ ಕಿತ್ತು ತೋರಿಸಿ ‘ಇಗೋ’ ಎನ್ನಲಾಗದು. ದೇಶಾಭಿಮಾನ ಫ್ಯಾಸಿಸಂ ಅಲ್ಲ, ಬಿಗಿ ಆಡಳಿತ ಫ್ಯಾಸಿಸಂ ಅಲ್ಲ. ಇವೆಲ್ಲ ಒಂದೇ ಹುರಿಯಲ್ಲಿ ಬಿಗಿದಾಗ ಆಗುವ ಕಟ್ಟು ಅದು.

ಹಾಗೆಯೇ ಎಲ್ಲ ದಬ್ಬಾಳಿಕೆಯೂ ಫ್ಯಾಸಿಸಂ ಅಲ್ಲ. ಇದೇ ಊರಿನಿಂದ ಆಳಿದ ಆದಿಲ್‌ಶಾಹಿ ಸುಲ್ತಾನರಿಗೆ ಪ್ರಜೆ ತೆರಿಗೆ ಕೊಟ್ಟು ತಲೆಬಾಗಿದರೆ ಸಾಕಿತ್ತು. ಅವನ ಮನಸ್ಸಿನಲ್ಲಿ ಏನಿದೆ ಎಂದು ಅರಮನೆ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಫ್ಯಾಸಿಸಂಗೆ ಮೌನ ಸಾಲದು. ಅದಕ್ಕೆ ಜೈಕಾರ ಬೇಕು, ಮೆರವಣಿಗೆ ಬೇಕು, ಮತ ಬೇಕು. ಹಾಗಾಗಿ ಜನಸಾಮಾನ್ಯರಿಗೂ ಮತದಾನ, ಪತ್ರಿಕೆ, ರೈಲು, ಮನೆಮನೆಯ ಲೆಕ್ಕ ಇಡುವ ಕಚೇರಿ ಇವೆಲ್ಲ ಬಂದ ಮೇಲೆಯೇ ಅದು ಹುಟ್ಟಿದ್ದು. ಆಧುನಿಕ ರಾಜ್ಯದಲ್ಲಿ ಅದು ಬೇರೂರಬಹುದೇ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಆಧುನಿಕ ರಾಜ್ಯ ಬಿಟ್ಟು ಬೇರೆ ಮಣ್ಣಿನಲ್ಲಿ ಅದು ಬೇರೂರಿದ್ದೇ ಇಲ್ಲ.

ಮುಸೊಲಿನಿ ಮಿಲಾನ್‌ನಂಥ ಕೈಗಾರಿಕಾ ನಗರದಲ್ಲಿ ಶುರುಮಾಡಿದ, ಅಲ್ಲಿ ಸೋತ. 1919ರ ನವೆಂಬರಿನ ಚುನಾವಣೆಯಲ್ಲಿ ಅವನ ಗುಂಪಿಗೆ ಒಂದು ಸ್ಥಾನವೂ ಸಿಗಲಿಲ್ಲ. ಅವನಿಗೆ ಬಲ ಬಂದದ್ದು ಹಳ್ಳಿಗಾಡಿನಿಂದ. ಉತ್ತರ ಇಟಲಿಯ ಪೊ ನದಿಯ ಬಯಲು, ಅದರಲ್ಲೂ ಫೆರಾರಾ, ಬೊಲೋನ್ಯಾ ಸುತ್ತಿನ ಸೀಮೆ. ಜೌಗು ಬಸಿದು ಮಾಡಿದ ಫಲವತ್ತಾದ ನೆಲ. ಸಣಬು ಬೆಳೆಯುತ್ತಿದ್ದರು, ಸಕ್ಕರೆಗೆಂದು ಬೀಟ್ ಬೆಳೆಯುತ್ತಿದ್ದರು. ನೆಲ ದೊಡ್ಡ ಜಮೀನುದಾರರದ್ದು, ದುಡಿಮೆ ದಿನಗೂಲಿಗಳದ್ದು. ಸುಗ್ಗಿ ಇದ್ದಾಗ ಕೆಲಸ, ಚಳಿಗಾಲದಲ್ಲಿ ಖಾಲಿ ಹೊಟ್ಟೆ. ಮಹಾಯುದ್ಧ ಮುಗಿದ ಮೇಲೆ ಈ ಕೂಲಿಗಳು ಸಂಘ ಕಟ್ಟಿದರು. ಯಾರನ್ನು ಕೆಲಸಕ್ಕೆ ಕರೆಯಬೇಕು, ಎಷ್ಟು ಕೂಲಿ ಎಂಬುದನ್ನು ಸಂಘವೇ ಗೊತ್ತುಮಾಡುವ ಮಟ್ಟಕ್ಕೆ ಬೆಳೆದರು. ಸಹಕಾರಿ ಅಂಗಡಿ ತೆರೆದರು. 1920ರಲ್ಲಿ ಅನೇಕ ಊರುಗಳ ಪುರಸಭೆಯನ್ನೂ ಗೆದ್ದರು. ಸಂಘದವರು ಮಾಡಿದ್ದೆಲ್ಲ ನ್ಯಾಯವಾಗಿತ್ತು ಎನ್ನಲಾರೆ. ಮಾತು ಮೀರಿದವನಿಗೆ ಬಹಿಷ್ಕಾರ ಹಾಕಿದ್ದೂ ಉಂಟು. ಸಣ್ಣ ರೈತರಲ್ಲಿ ಹಲವರು ಬೇಸತ್ತಿದ್ದರು.

ಜಮೀನುದಾರರು ನ್ಯಾಯಾಲಯಕ್ಕೆ ಹೋಗಬಹುದಿತ್ತು, ಮುಂದಿನ ಚುನಾವಣೆಗೆ ಕಾಯಬಹುದಿತ್ತು. ಅವರು ಮುಸೊಲಿನಿಯ ಕರಿ ಅಂಗಿಯ ಹುಡುಗರಿಗೆ ಹಣ ಕೊಟ್ಟರು. ಯುದ್ಧದಿಂದ ಮರಳಿ ಕೆಲಸವಿಲ್ಲದೆ ಕೂತ ಸಿಪಾಯಿಗಳು, ಯುದ್ಧ ತಪ್ಪಿಹೋಯಿತಲ್ಲ ಎಂದು ಮರುಗುತ್ತಿದ್ದ ಕಾಲೇಜು ಹುಡುಗರು ಆ ಪಡೆಯಲ್ಲಿದ್ದರು. ರಾತ್ರಿ ಲಾರಿಯಲ್ಲಿ ಬರುತ್ತಿದ್ದರು. ಕೂಲಿಕಾರರ ಸಂಘದ ಕಟ್ಟಡಕ್ಕೆ ಬೆಂಕಿ, ಸಹಕಾರಿ ಅಂಗಡಿಯ ಲೂಟಿ. ಮುಖಂಡನನ್ನು ಮನೆಯಿಂದ ಎಳೆದು ತಂದು, ನಾಲ್ಕು ಜನ ಹಿಡಿದುಕೊಂಡು, ಬಾಯಿಗೆ ಬಾಟಲಿಗಟ್ಟಲೆ ಔಡಲ ಎಣ್ಣೆ ಸುರಿಯುತ್ತಿದ್ದರು. ಔಡಲ ಎಣ್ಣೆ ಏನು ಮಾಡುತ್ತದೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಹೆಂಡತಿ ಮಕ್ಕಳ ಮುಂದೆ, ಓಣಿಯವರ ಮುಂದೆ ಆ ಮನುಷ್ಯ ಬಟ್ಟೆಯಲ್ಲೇ ಹೊಲಸು ಮಾಡಿಕೊಂಡು ನಿಲ್ಲಬೇಕು. ಗುಂಡು ಹೊಡೆದಿದ್ದರೆ ಹುತಾತ್ಮನಾಗುತ್ತಿದ್ದ. ಅವರಿಗೆ ಬೇಕಾಗಿದ್ದದ್ದು ಮರುದಿನ ಅವನು ಯಾರಿಗೂ ಮುಖ ತೋರಿಸದಂತೆ ಮಾಡುವುದು.

ಈ ಭಾಗ ಬಂದಾಗ ಮುಧೋಳ, ಜಮಖಂಡಿ ಕಡೆಯ ಹುಡುಗರು ಪೆನ್ನು ಕೆಳಗಿಡುತ್ತಾರೆ. ನೀರಾವರಿ ನೆಲ, ಸಕ್ಕರೆ ಕಾರ್ಖಾನೆ, ಕಬ್ಬು ಕಡಿಯುವ ಗ್ಯಾಂಗು, ಸಹಕಾರಿ ಸಂಘದ ಚುನಾವಣೆ ಇವೆಲ್ಲ ಅವರು ಕಂಡುಂಡ ಸಂಗತಿಗಳು. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಪೊಲೀಸರು ಏನ್ ಮಾಡಾಕತ್ತಿದ್ರು ಸರ್?” ಸರಿಯಾದ ಪ್ರಶ್ನೆ. ಬಹಳಷ್ಟು ಕಡೆ ಪೊಲೀಸರು ನೋಡುತ್ತ ನಿಂತರು. ಕೆಲವು ಕಡೆ ಆಯುಧಗಳೂ ಲಾರಿಗಳೂ ಸೇನೆಯ ಕಡೆಯಿಂದಲೇ ಬಂದವು. ಹೊಡೆದವರ ಮೇಲೆ ಪ್ರಕರಣ ನಿಲ್ಲಲಿಲ್ಲ, ಹೊಡೆಸಿಕೊಂಡವರು ಜೈಲಿಗೆ ಹೋದರು. ಫ್ಯಾಸಿಸಂ ರಾಜಧಾನಿಗೆ ಹೋಗುವ ಮೊದಲು ಠಾಣೆಗೆ ಹೋಗಿ ನೋಡಿತು. ಅಲ್ಲಿ ಯಾರೂ ತಡೆಯಲಿಲ್ಲ.

1921ರಲ್ಲಿ ಆಗಿನ ಪ್ರಧಾನಿ ಜೊವಾನ್ನಿ ಜೊಲಿಟ್ಟಿ ಫ್ಯಾಸಿಸ್ಟರನ್ನು ತನ್ನ ಚುನಾವಣಾ ಕೂಟಕ್ಕೆ ಸೇರಿಸಿಕೊಂಡ. ಹುಡುಗರು, ನಾಲ್ಕು ದಿನ ಕೂಗಾಡಿ ತಣ್ಣಗಾಗುತ್ತಾರೆ ಎಂಬ ಲೆಕ್ಕ ಅವನದು. 535 ಸ್ಥಾನಗಳಲ್ಲಿ 35 ಅವರಿಗೆ ಸಿಕ್ಕವು. ಮರುವರ್ಷದ ಅಕ್ಟೋಬರಿನಲ್ಲಿ ‘ರೋಮಿಗೆ ನಡಿಗೆ’. ಚಿತ್ರಗಳಲ್ಲಿ ಅದು ದಂಡಯಾತ್ರೆಯಂತೆ ಕಾಣುತ್ತದೆ. ನಿಜವಾಗಿ ರೋಮಿನ ಹೊರಗೆ ಮಳೆಯಲ್ಲಿ ತೊಯ್ದು ನಿಂತಿದ್ದವರ ಬಳಿ ಸರಿಯಾದ ಶಸ್ತ್ರವೂ ಇರಲಿಲ್ಲ. ಪ್ರಧಾನಿ ಲುಯಿಜಿ ಫಾಕ್ತಾ ಸೇನಾಡಳಿತದ ಆದೇಶ ಸಿದ್ಧಪಡಿಸಿದ. 28ರ ಬೆಳಿಗ್ಗೆ ದೊರೆ ಮೂರನೇ ವಿಕ್ಟರ್ ಇಮ್ಯಾನುಯೆಲ್ ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಮಿಲಾನ್‌ನಲ್ಲಿ ಕಾಯುತ್ತಿದ್ದ ಮುಸೊಲಿನಿ ದೊರೆಯ ಕರೆ ಬಂದ ಮೇಲೆ ರಾತ್ರಿ ರೈಲಿನಲ್ಲಿ ಮಲಗಿಕೊಂಡು ಬಂದು ಪ್ರಧಾನಿಯಾದ. ಒಂದು ಸಹಿ ಬೀಳಲಿಲ್ಲ, ಅಷ್ಟೆ.

1924 ಬಂದಾಗ ತರಗತಿಯಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಆ ವರ್ಷಕ್ಕೆ ಬೆಳಗಾವಿಯ ನಂಟಿದೆ. ಹಿಂದಿನ ವರ್ಷ ಇಟಲಿಯ ಸಂಸತ್ತು ಚುನಾವಣಾ ಕಾನೂನು ಬದಲಿಸಿತ್ತು: ಕಾಲುಭಾಗ ಮತ ಗಳಿಸಿ ಮೊದಲು ಬಂದ ಪಟ್ಟಿಗೆ ಮೂರರಲ್ಲಿ ಎರಡು ಭಾಗ ಸ್ಥಾನ. ಏಪ್ರಿಲ್‌ನಲ್ಲಿ ಬಡಿಗೆಯ ಬಲದಲ್ಲಿ ಚುನಾವಣೆ ನಡೆಯಿತು. ಮೇ 30ರಂದು ಜಾಕೊಮೊ ಮತ್ತೆಯೊತ್ತಿ ಎಂಬ ಸಮಾಜವಾದಿ ಸದಸ್ಯ ಸದನದಲ್ಲಿ ಎದ್ದು ಆ ಅಕ್ರಮಗಳನ್ನು ಒಂದೊಂದಾಗಿ ಬಿಚ್ಚಿಟ್ಟರು. ಅವರು ಅದೇ ಪೊ ಸೀಮೆಯವರು, ಅದೇ ಕೂಲಿಗಳ ಪರ ನಿಂತವರು. ಜೂನ್ 10ರಂದು ಅವರನ್ನು ರೋಮಿನ ಬೀದಿಯಿಂದ ಕಾರಿನಲ್ಲಿ ಎತ್ತಿಹಾಕಿಕೊಂಡು ಹೋಗಿ ಕೊಂದರು. ವಿರೋಧ ಪಕ್ಷಗಳು ಸದನ ಬಿಟ್ಟು ಹೊರನಡೆದು ದೊರೆ ಏನಾದರೂ ಮಾಡಿಯಾನೆಂದು ಕಾದವು. ಅವನು ಏನೂ ಮಾಡಲಿಲ್ಲ. 1925ರ ಜನವರಿ 3ರಂದು ಮುಸೊಲಿನಿ ಸದನದಲ್ಲಿ ನಿಂತು, ಆದದ್ದಕ್ಕೆಲ್ಲ ತಾನೇ ಹೊಣೆ ಎಂದು ಸವಾಲು ಹಾಕಿದ. ಮುಂದಿನ ವರ್ಷ ಮುಗಿಯುವುದರೊಳಗೆ ಬೇರೆ ಪಕ್ಷಗಳೇ ಇರಲಿಲ್ಲ.

ಆ ಭಾಷಣಕ್ಕೆ ಒಂದು ವಾರ ಮೊದಲು, 1924ರ ಡಿಸೆಂಬರ್ 26 ಮತ್ತು 27ರಂದು, ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ನೀರಿಗೆಂದು ಆಗ ತೋಡಿದ ಕಾಂಗ್ರೆಸ್ ಬಾವಿಯನ್ನು ಟಿಳಕವಾಡಿ ಕಡೆ ಹೋದವರು ಈಗಲೂ ನೋಡುತ್ತಾರೆ. ಅಲ್ಲೂ ಸಾವಿರಾರು ಜನ ಸೇರಿದ್ದರು, ಸ್ವಯಂಸೇವಕರಿದ್ದರು, ಒಬ್ಬ ನಾಯಕನ ಮೇಲೆ ಅಪಾರ ಭಕ್ತಿ ಇತ್ತು. ಹೊರಗಿನಿಂದ ನೋಡಿದವರಿಗೆ ಎರಡೂ ಜನಸಾಗರವೇ. ಆದರೆ ಆ ಹೊತ್ತಿಗೆ ಗಾಂಧೀಜಿಗೂ ಸ್ವರಾಜ್ಯ ಪಕ್ಷದವರಿಗೂ ಶಾಸನಸಭೆಗೆ ಹೋಗಬೇಕೋ ಬೇಡವೋ ಎಂಬ ಬಗ್ಗೆ ದೊಡ್ಡ ಭಿನ್ನಾಭಿಪ್ರಾಯವಿತ್ತು. ಗಾಂಧೀಜಿ ಮಣಿದರು. ಸ್ವರಾಜ್ಯ ಪಕ್ಷದವರು ಕಾಂಗ್ರೆಸ್ಸಿನ ಅಂಗವಾಗಿಯೇ ಶಾಸನಸಭೆಯ ಕೆಲಸ ಮಾಡಲಿ ಎಂಬ ಒಪ್ಪಂದಕ್ಕೆ ಬೆಳಗಾವಿಯಲ್ಲಿ ಮುದ್ರೆ ಬಿತ್ತು. ಜನ ಸೇರುವುದೇ ಫ್ಯಾಸಿಸಂ ಎಂದು ಹೆದರುವವರಿಗೆ ನಾನು ಇದನ್ನು ತೋರಿಸುತ್ತೇನೆ. ತನ್ನವರೆದುರಿಗೆ ಸೋಲಲು ಆ ನಾಯಕನಿಗೆ ಸಾಧ್ಯವೇ ಎಂದು ನೋಡಿ.

ಇನ್ನು ಜರ್ಮನಿ. ನೋಟಿನ ಕಂತೆಯನ್ನು ಕೈಗಾಡಿಯಲ್ಲಿ ಹೊತ್ತು ಬ್ರೆಡ್ ತರುವ ಚಿತ್ರ ಎಲ್ಲರಿಗೂ ಗೊತ್ತು. ಆ ಹಣದುಬ್ಬರದಿಂದ ಹಿಟ್ಲರ್ ಬಂದ ಎಂದೂ ಹೇಳುತ್ತಾರೆ. ತಾರೀಖು ಕೂಡುವುದಿಲ್ಲ. ಆ ಹಣದುಬ್ಬರ 1923ರದು. ಐದು ವರ್ಷ ಕಳೆದು 1928ರಲ್ಲೂ ನಾಜಿಗಳಿಗೆ ಬಿದ್ದದ್ದು ಶೇ. 2.6 ಮತ. ಅವರು ಉಬ್ಬಿದ್ದು ಜಾಗತಿಕ ಆರ್ಥಿಕ ಕುಸಿತದ ನಂತರ. ಆಗ ಬೆಲೆ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಸುಮಾರು 60 ಲಕ್ಷ ಜನರಿಗೆ ಕೆಲಸವಿರಲಿಲ್ಲ, ಸರಕಾರ ಖರ್ಚು ಕಡಿತ ಮಾಡುತ್ತಿತ್ತು. 1932ರ ಜುಲೈಯಲ್ಲಿ ಶೇ. 37.3 ಮತ. ಅದೇ ನವೆಂಬರಿನ ಚುನಾವಣೆಯಲ್ಲಿ ಶೇ. 33.1. ಅಂದರೆ ಅವರು ಇಳಿಮುಖದಲ್ಲಿದ್ದರು. ಆಗ ಅಧ್ಯಕ್ಷ ಹಿಂಡೆನ್‌ಬುರ್ಗ್ ಸುತ್ತಲಿನ ಹಿರಿಯರು, ಮುಖ್ಯವಾಗಿ ಮಾಜಿ ಪ್ರಧಾನಿ ಫಾನ್ ಪಾಪೆನ್, ಹಿಟ್ಲರನನ್ನು ಕೂರಿಸೋಣ, ಮಂತ್ರಿಮಂಡಲದಲ್ಲಿ ಹೆಚ್ಚಿನವರು ನಮ್ಮವರೇ ಇರುತ್ತಾರೆ ಎಂದು ಮನವೊಲಿಸಿದರು. 1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದಾಗ ಆ ಮಂತ್ರಿಮಂಡಲದಲ್ಲಿ ಅವನನ್ನು ಸೇರಿಸಿ ನಾಜಿಗಳು ಮೂವರೇ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನ ನಾಗರಿಕ ಹಕ್ಕುಗಳನ್ನು ಅಮಾನತು ಮಾಡುವ ಆದೇಶಕ್ಕೆ ಹಿಂಡೆನ್‌ಬುರ್ಗ್ ಸಹಿ ಹಾಕಿದ. ಮಾರ್ಚ್ 23ರಂದು ಸಂಸತ್ತು ತನ್ನ ಅಧಿಕಾರವನ್ನು 444–94 ಮತಗಳಿಂದ ತಾನೇ ಬಿಟ್ಟುಕೊಟ್ಟಿತು. ಆ 94 ಮತ ಸೋಶಿಯಲ್ ಡೆಮಾಕ್ರಟರದು. ಕಮ್ಯುನಿಸ್ಟರನ್ನು ಒಳಗೆ ಬರಗೊಟ್ಟಿರಲಿಲ್ಲ. ಮಿಕ್ಕ ಪಕ್ಷಗಳೆಲ್ಲ ಪರವಾಗಿ ಮತ ಹಾಕಿದವು.

ಸಹಿ ಹಾಕಿದವರು ದೊಡ್ಡವರು ಮಾತ್ರವಲ್ಲ. 1931ರಲ್ಲಿ ಇಟಲಿಯ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರೆಲ್ಲ ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆದೇಶವಾಯಿತು. ಸುಮಾರು 1200 ಮಂದಿಯಲ್ಲಿ ಒಲ್ಲೆ ಎಂದವರು ಹನ್ನೆರಡರ ಆಸುಪಾಸು. ಉಳಿದವರೆಲ್ಲ ಫ್ಯಾಸಿಸ್ಟರೇನಲ್ಲ. ಮಗಳ ಮದುವೆ, ಮನೆ ಬಾಡಿಗೆ, ಇನ್ನೆರಡು ವರ್ಷಕ್ಕೆ ಪಿಂಚಣಿ, ನಾನು ಬಿಟ್ಟರೆ ನನ್ನ ಜಾಗಕ್ಕೆ ಅವರವನೇ ಬರುತ್ತಾನೆ ಎಂಬ ಯೋಚನೆ. ನನಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ, ಅದಕ್ಕೇ ಭಯವಾಗುತ್ತದೆ.

ಫಿನ್ಲೆಂಡಿನ ಕಥೆ ನಮ್ಮ ಪುಸ್ತಕಗಳಲ್ಲಿ ಬರುವುದೇ ಇಲ್ಲ. ಅಲ್ಲಿ 1929ರ ಕೊನೆಯಲ್ಲಿ ಲಾಪುವಾ ಎಂಬ ಊರಿನ ಹೆಸರಿನ ಚಳವಳಿ ಎದ್ದಿತು. ರೈತರೇ ಹೆಚ್ಚು, ವಿರೋಧಿಗಳನ್ನು ಅಪಹರಿಸುವುದು, ಹೊಡೆಯುವುದು, ಹೆಲ್ಸಿಂಕಿಗೆ ಸಾವಿರಾರು ಜನರ ನಡಿಗೆ, ಎಲ್ಲ ಇಟಲಿಯಂತೆಯೇ. 1931ರಲ್ಲಿ ಅಧ್ಯಕ್ಷರಾದ ಸ್ವಿನ್‌ಹುಫ್ವುದ್ ಸಂಪ್ರದಾಯವಾದಿ. ಆ ಚಳವಳಿಯ ಬೆಂಬಲವೂ ಅವರಿಗಿತ್ತು. ಮರುವರ್ಷ ಆ ಜನ ಮ್ಯಾಂತ್ಸಾಲಾ ಎಂಬಲ್ಲಿ ಶಸ್ತ್ರ ಹಿಡಿದು ಸೇರಿದಾಗ ಸ್ವಿನ್‌ಹುಫ್ವುದ್ ರೇಡಿಯೊದಲ್ಲಿ ಮಾತಾಡಿದರು: ಮನೆಗೆ ಹೋದವರಿಗೆ ಶಿಕ್ಷೆಯಿಲ್ಲ, ಮುಖಂಡರಿಗೆ ಉಂಟು. ಸೇನೆ ಅವರ ಮಾತು ಕೇಳಿತು, ದಂಗೆ ಕರಗಿತು. ಚಳವಳಿಯನ್ನು ನಿಷೇಧಿಸಿದರು, ಅದೂ ಕಮ್ಯುನಿಸ್ಟರನ್ನು ಹತ್ತಿಕ್ಕಲೆಂದು ಆ ಚಳವಳಿಯೇ ಒತ್ತಾಯಿಸಿ ತರಿಸಿದ್ದ ಕಾನೂನಿನಿಂದ. ಬಡತನ, ಕಮ್ಯುನಿಸ್ಟರ ಭಯ, ಅಂತರ್ಯುದ್ಧದ ಗಾಯ ಫಿನ್ಲೆಂಡಿನಲ್ಲೂ ಇದ್ದವು. ಇಟಲಿಯ ದೊರೆ ಮಾಡದ್ದನ್ನು ಅಲ್ಲಿನ ಅಧ್ಯಕ್ಷರು ಮಾಡಿದರು. ಎಡದವರು ಫ್ಯಾಸಿಸಂ ವಿರೋಧಿಸುವುದು ಸಹಜ. ಅದು ನಿಲ್ಲುವುದು ಅದರ ಪಕ್ಕದ ಮನೆಯವರು, ಅರ್ಧ ಅದರ ಮಾತನ್ನು ಒಪ್ಪುವವರು, ಬಾಗಿಲು ಹಾಕಿದಾಗ.

ಇಲ್ಲಿಗೆ ಬರುವ ಹೊತ್ತಿಗೆ ಯಾರಾದರೊಬ್ಬರು 1975ರ ತುರ್ತು ಪರಿಸ್ಥಿತಿಯನ್ನು ಕೇಳಿಯೇ ಕೇಳುತ್ತಾರೆ. ಅದು ಸರ್ವಾಧಿಕಾರ ಹೌದು. ಫ್ಯಾಸಿಸಂ ಎಂದು ನಾನು ಕರೆಯುವುದಿಲ್ಲ: ಜನ ಬೀದಿಗಿಳಿದು ಶತ್ರುವನ್ನು ಹುಡುಕಲಿ ಎಂದು ಅದು ಬಯಸಲಿಲ್ಲ, ಬಾಯಿ ಮುಚ್ಚಿಕೊಂಡು ಮನೆಯಲ್ಲಿರಲಿ ಎಂದು ಬಯಸಿತು. ಆದರೆ ಸಂವಿಧಾನದ ಬಾಗಿಲು ಎಷ್ಟು ಸುಲಭವಾಗಿ ತೆರೆದುಕೊಳ್ಳುತ್ತದೆ ಎಂದು ಅದು ತೋರಿಸಿತು. ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಸಹಿ ಹಾಕಿದಾಗ ಕೇಂದ್ರ ಸಂಪುಟ ಸಭೆಯೇ ಸೇರಿರಲಿಲ್ಲ. ಮಂತ್ರಿಗಳನ್ನು ಕರೆದದ್ದು ಮರುದಿನ ಬೆಳಗಿನ ಜಾವ. ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದವರು ನ್ಯಾಯಾಲಯಕ್ಕೆ ಬರಬಹುದು ಎಂದು, ನಮ್ಮ ಕರ್ನಾಟಕದ್ದೂ ಸೇರಿ, ಹಲವು ಹೈಕೋರ್ಟುಗಳು ಹೇಳಿದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಬರಲಾಗದು ಎಂದರು. ಬೇರೆ ತೀರ್ಪು ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಮರುವರ್ಷ ಜ್ಯೇಷ್ಠತೆಯಲ್ಲಿ ಅವರದಾಗಬೇಕಿದ್ದ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಇನ್ನೊಬ್ಬರಿಗೆ ಹೋಯಿತು. ಅವರು ರಾಜೀನಾಮೆ ಕೊಟ್ಟರು. ಅವರ ಒಂಟಿ ತೀರ್ಪೇ ಸರಿ ಎಂದು ಅದೇ ನ್ಯಾಯಾಲಯ 2017ರಲ್ಲಿ ಒಪ್ಪಿಕೊಂಡಿತು.

1978ರ 44ನೇ ತಿದ್ದುಪಡಿ ಆ ಬಾಗಿಲಿಗೆ ಹಾಕಿದ ಅಗುಳಿ. ‘ಆಂತರಿಕ ಗಲಭೆ’ ಎಂಬ ಸಡಿಲ ಮಾತು ಹೋಗಿ ‘ಸಶಸ್ತ್ರ ದಂಗೆ’ ಬಂದಿತು. ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ ಎಂದಾಯಿತು. ಇನ್ನೊಂದು ಸಣ್ಣ ಬದಲಾವಣೆ ಪರೀಕ್ಷೆಗೆ ಓದುವವರ ಕಣ್ಣಿಗೆ ಬೀಳುವುದಿಲ್ಲ: ಸಂಪುಟದ ತೀರ್ಮಾನ ಬರವಣಿಗೆಯಲ್ಲಿ ತಲುಪದ ಹೊರತು ರಾಷ್ಟ್ರಪತಿ ಘೋಷಣೆ ಹೊರಡಿಸುವಂತಿಲ್ಲ. 352ನೇ ವಿಧಿಯ ಮೂರನೇ ಖಂಡ. ನಾನು ಅದರ ಕೆಳಗೆ ಗೆರೆ ಎಳೆಸುತ್ತೇನೆ.

ಅಂಬೇಡ್ಕರ್ ಅವರಿಗೆ ಈ ಅಪಾಯ ಮೊದಲೇ ಗೊತ್ತಿತ್ತು. ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾದೀತು, ರಾಜಕೀಯದಲ್ಲಿ ಭಕ್ತಿ ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂದು 1949ರ ನವೆಂಬರ್ 25ರಂದು ಅವರು ಹೇಳಿದ್ದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದಕ್ಕೆ ಒಂದು ವರ್ಷ ಮೊದಲು, 1948ರ ನವೆಂಬರ್ 4ರಂದು, ಹೇಳಿದ್ದು ನನ್ನ ತರಗತಿಗೆ ಇನ್ನೂ ಹತ್ತಿರದ್ದು: ಸಂವಿಧಾನದ ರೂಪ ಬದಲಿಸದೆ, ಆಡಳಿತದ ರೂಪವನ್ನಷ್ಟೇ ಬದಲಿಸಿ ಸಂವಿಧಾನವನ್ನು ಕೆಡಿಸಿಬಿಡಬಹುದು.

ಹಾಗಾದರೆ ಇವತ್ತು? ಕರಿ ಅಂಗಿಯಲ್ಲಿ ಬರುತ್ತದೆಂದು ಕಾದು ಕೂತರೆ ಅದು ಕಾಣಿಸಲಿಕ್ಕಿಲ್ಲ. ಚುನಾವಣೆ ನಡೆಯುತ್ತಿರುತ್ತದೆ, ಪತ್ರಿಕೆ ಮನೆಗೆ ಬರುತ್ತಿರುತ್ತದೆ, ನ್ಯಾಯಾಲಯದ ಬಾಗಿಲು ತೆರೆದಿರುತ್ತದೆ. 1933ರಲ್ಲಿ ಜರ್ಮನಿಯ ಜನಗಣತಿಯನ್ನು ತೂತು ಕೊರೆದ ಕಾರ್ಡುಗಳ ಯಂತ್ರದಿಂದ ಎಣಿಸಿದ್ದರು. ಇವತ್ತಿನ ಸರಕಾರದ ಕೈಯಲ್ಲಿ ಪಡಿತರ, ಪಿಂಚಣಿ, ಬ್ಯಾಂಕು, ಹೊಲದ ಪಹಣಿ ಎಲ್ಲ ಒಂದು ಗುಂಡಿ ಒತ್ತಿದರೆ ಸಿಗುತ್ತವೆ. ಔಡಲ ಎಣ್ಣೆಯ ಕೆಲಸವನ್ನು ಈಗ ಪಟ್ಟಿಯಿಂದ ಅಳಿಸಿದ ಒಂದು ಹೆಸರು ಮಾಡಬಲ್ಲದು. ಯಾವ ಪಕ್ಷದ ಸರಕಾರವಿದ್ದರೂ ಈ ಬಲ ಅಲ್ಲೇ ಇರುತ್ತದೆ. ಹುಡುಗ ಹೇಳಿದ ಫೋನೂ ಎರಡು ಕಡೆ ಕೊಯ್ಯುತ್ತದೆ: ಅನ್ಯಾಯದ ವಿಡಿಯೊವನ್ನು ಊರಿಗೆಲ್ಲ ತೋರಿಸುವುದೂ ಅದೇ, ಒಂದು ಓಣಿಯ ಮೇಲೆ ಇನ್ನೊಂದು ಓಣಿಯನ್ನು ರಾತ್ರೋರಾತ್ರಿ ಎಬ್ಬಿಸುವುದೂ ಅದೇ. ಬೇರೂರಬಹುದೇ ಎಂದರೆ ಹೌದು, ಬೇರೂರಬಹುದು. ನಮ್ಮ ದೇಶದ ಭಾಷೆ, ಜಾತಿ, ಪ್ರಾಂತಗಳ ಹೆಣಿಗೆ ದೊಡ್ಡ ಅಡ್ಡಿ, ನಿಜ. ಬೀಜ ಎಲ್ಲ ಸಮಾಜದಲ್ಲೂ ಇರುತ್ತದೆ. ಹದ ಮಾಡಿಕೊಡುವವರು ಯಾರು ಎಂಬುದರ ಮೇಲೆ ಕಣ್ಣಿಡಬೇಕು.

ಅವತ್ತು ಕೊನೆಗೆ ಅವರಿಗೊಂದು ಪ್ರಶ್ನೆ ಕೊಟ್ಟೆ. ನೀವು ತಹಶೀಲ್ದಾರ್. ರಾತ್ರಿ ಹನ್ನೊಂದಕ್ಕೆ ಮೇಲಿನವರ ಫೋನ್ ಬರುತ್ತದೆ: ನಲವತ್ತು ಮನೆಯ ಪಟ್ಟಿ ಕಳಿಸಿದ್ದೇನೆ, ಬೆಳಗಾಗುವುದರೊಳಗೆ ತೆರವು ಮಾಡಿಸಿ, ಆದೇಶ ಆಮೇಲೆ ಬರುತ್ತದೆ. ಏನು ಮಾಡುತ್ತೀರಿ? ಒಬ್ಬ ರಜೆ ಹಾಕುತ್ತೇನೆ ಎಂದ. ಒಬ್ಬ ಮಾಡಲೇಬೇಕಲ್ಲ ಸರ್ ಎಂದ. ಅವನು ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ್ದ. ತಾಳಿಕೋಟೆಯ ಕಡೆಯ ಒಬ್ಬ ಹುಡುಗಿ, ಹೆಚ್ಚು ಮಾತಾಡುವವಳಲ್ಲ, “ಬರವಣಿಗ್ಯಾಗ ಕೊಡ್ರಿ ಅಂತೀನ್ರಿ” ಎಂದಳು.

“ಕೊಡಂಗಿಲ್ಲ ಅಂದ್ರ?” ಹಿಂದಿನ ಬೆಂಚಿನವನು ಕೇಳಿದ.

ಅವಳು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುವಿದಳು. “ಹಂಗ ಅಂದಿದ್ದನ್ನ ನಾನ ಫೈಲಿನಾಗ ಬರದ ಇಡ್ತೀನಿ. ಯಾರ ಅಂದ್ರು, ಎಷ್ಟ ಗಂಟೇಕ ಅಂದ್ರು, ಎಲ್ಲಾ. ಕೆಳಗ ನನ್ನ ಸಹಿ ಹಾಕಿ.”